ಪಂಕಜತ್ತೆಯ ತೊಟ್ಟಿಗೆ ಹೆಪ್ಪು

ನಮ್ಮೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದವರು ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬರುತ್ತದೆ ಎಂದು ಕೇಳುವುದು ಆಮೇಲೆ. ಮೊದಲು ಕೇಳುವುದು ಮೀನಿನ ತೊಟ್ಟಿ ಇಡಲು ಜಾಗ ಎಲ್ಲಿದೆ ಎಂದು. ಮೀನು ನೆಮ್ಮದಿಯಾಗಿಲ್ಲದ ಮನೆಯಲ್ಲಿ ಇಲ್ಲಿ ಬೆಂಕಿ ಹೊತ್ತುವುದಿಲ್ಲ. ಕಡ್ಡಿ ಗೀರಿದರೆ ಗಂಧಕದ ವಾಸನೆ ಬರುತ್ತದೆ, ಅಷ್ಟೇ. ಗ್ಯಾಸ್ ಒಲೆ ಬುಸ್ಸೆನ್ನುತ್ತದೆ, ಲೈಟರ್ ಟಕಟಕ ಎನ್ನುತ್ತದೆ, ಹಾಲು ಮಾತ್ರ ತಣ್ಣಗೆ ಕೂತಿರುತ್ತದೆ. ಕರೆಂಟ್ ಒಲೆ ತಂದು ಊರಿಗೆಲ್ಲ ಬುದ್ಧಿ ಕಲಿಸುತ್ತೇನೆಂದು ಹೊರಟ ಎಂಜಿನಿಯರೊಬ್ಬರು ಬೆಳಗ್ಗೆ ಅದರ ಮೇಲಿಟ್ಟ ಅಕ್ಕಿಯನ್ನು ಸಂಜೆ ಗುಬ್ಬಚ್ಚಿಗಳಿಗೆ ಹಾಕಿದರು. ಬೀದಿಯಲ್ಲಿ ಮೂರು ಕಲ್ಲಿಟ್ಟು ಬೇಯಿಸಿಕೊಳ್ಳಬಹುದು, ಅದಕ್ಕೆ ಮೀನಿನ ಅಪ್ಪಣೆ ಬೇಕಿಲ್ಲ. ಆದರೆ ಬೀದಿಯಲ್ಲಿ ಬೇಯಿಸಿಕೊಳ್ಳುವ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ. ನಮ್ಮ ದೇವಸ್ಥಾನದ ಗರ್ಭಗುಡಿಯ ಪಕ್ಕದಲ್ಲೂ ಒಂದು ಗಾಜಿನ ತೊಟ್ಟಿಯಿದೆ. ಅರ್ಚಕರು ಬೆಳಗ್ಗೆ ಬಂದವರೇ ಮೊದಲು ಮೀನಿಗೆ ಕೈಮುಗಿದು ಆಮೇಲೆ ದೇವರ ಕಡೆ ತಿರುಗುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ದೀಪ ಹಚ್ಚಬೇಕಲ್ಲ, ಪಾಪ.

ನಾನು ಇಲ್ಲಿ ಒಂದು ಫೋಟೋ ಸ್ಟುಡಿಯೋ ಇಟ್ಟಿದ್ದೇನೆ. ಮದುವೆಯಾಗಿಲ್ಲ. ಸೋದರಮಾವ ಸೀತಾಪತಿಯವರ ಮನೆಯ ಮಹಡಿ ಮೇಲಿನ ಕೋಣೆ ನನ್ನದು. ಮನೆ ಒಂದೇ ಆದ್ದರಿಂದ ಕೆಳಗಿನ ತೊಟ್ಟಿಯ ಮೀನೇ ನನ್ನ ಸ್ಟವ್ವಿಗೂ ದಿಕ್ಕು. ಮಾವ ಹೈಸ್ಕೂಲಿನ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಅವರಿಗೆ ಒಂದೇ ಕಾಯಿಲೆ, ತಪ್ಪು ತಿದ್ದುವುದು. ನಿವೃತ್ತಿಯ ನಂತರವೂ ಜೇಬಿನಲ್ಲಿ ಕೆಂಪು ಪೆನ್ನು ಇರುತ್ತಿತ್ತು. ಮದುವೆಯ ಕರೆಯೋಲೆ ಕೊಡಲು ಬಂದವರ ಎದುರಿಗೇ ಒತ್ತಕ್ಷರ ತಿದ್ದಿ, ಕೆಳಗೆ ರುಜು ಹಾಕಿ, ವಾಪಸು ಕೊಟ್ಟುಬಿಡುತ್ತಿದ್ದರು. ಮನೆಯಲ್ಲಿ ಸಾರಿನ ಉಪ್ಪು, ರಂಗೋಲಿಯ ಚುಕ್ಕಿ, ಅತ್ತೆ ಆಕಳಿಸುವ ರೀತಿ, ಎಲ್ಲಕ್ಕೂ ತಿದ್ದುಪಡಿ ಇತ್ತು. ಅವರ ಹೆಂಡತಿ ಪಂಕಜಾಕ್ಷಿ, ನನಗೆ ಪಂಕಜತ್ತೆ, ಹೂಂ ಎಂದುಕೊಂಡು ಬಾಳಿದವರು. ಒಬ್ಬಳೇ ಮಗಳು ಮದುವೆಯಾಗಿ ದೂರದ ಊರು ಸೇರಿದ್ದಳು.

ಆ ಮನೆಯ ಮೀನಿನ ಹೆಸರು ದಿವಾನ. ಅಂಗೈಗಿಂತ ದೊಡ್ಡದು, ಕಿತ್ತಳೆ ಬಣ್ಣ, ಮುಖದ ಮೇಲೆ ಸದಾ ಯಾರದೋ ಅರ್ಜಿ ತಿರಸ್ಕರಿಸಿದ ಗತ್ತು. ಅದರ ಚಾಕರಿಯೆಲ್ಲ ಅತ್ತೆಯದು. ಆಗಾಗ ತೊಟ್ಟಿಯಿಂದ ಒಂದೆರಡು ಕೊಡ ನೀರು ತೆಗೆದು ಕರಿಬೇವಿನ ಗಿಡಕ್ಕೆ ಹಾಕುವರು, ಗಾಳಿ ಪಂಪಿಗೆ ಸಿಕ್ಕಿಸಿದ ಸ್ಪಂಜನ್ನು ಆ ತೊಟ್ಟಿಯ ನೀರಲ್ಲೇ ಒಂದು ಸಲ ಹಿಂಡಿ ಮತ್ತೆ ಸಿಕ್ಕಿಸುವರು, ಬಕೆಟ್ಟಿನಲ್ಲಿ ಹಿಂದಿನ ದಿನವೇ ತುಂಬಿಟ್ಟ ನೀರನ್ನು ಸುರಿಯುವರು. ತಳದ ಕಲ್ಲುಗಳ ಮೇಲೆ ಕಂದು ಪಾಚಿ ಕೂತಿತ್ತು. ಅವರ ಅತ್ತೆ ಹಾಗೆ ಮಾಡುತ್ತಿದ್ದರು, ಇವರೂ ಮಾಡಿದರು. ಯಾಕೆ ಎಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಮಾವನ ಅರವತ್ತರ ಅಭಿನಂದನಾ ಸಭೆ ನಡೆದದ್ದು ಟೌನ್‌ಹಾಲಿನಲ್ಲಿ. ಹಾರ, ಪೇಟ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮಾವ ಮೈಕಿನ ಮುಂದೆ ನಿಂತು ಕೃತಜ್ಞತೆ ಹೇಳಲು ಶುರುಮಾಡಿದರು. ಶಾಲೆಯ ಜವಾನನಿಗೆ ಹೇಳಿದರು, ಚಪ್ಪಲಿ ಹೊಲಿದುಕೊಟ್ಟವರಿಗೆ ಹೇಳಿದರು, ನಾನು ತೆಗೆದ ಫೋಟೋದಲ್ಲಿ ಅವರ ಕಿವಿ ದೊಡ್ಡದಾಗಿ ಬಂದಿದ್ದರೂ ನನಗೂ ಹೇಳಿದರು. ಕೊನೆಗೆ, "ಇಷ್ಟು ವರ್ಷ ನನ್ನ ಮನೆಯ ಒಲೆ ಆರದಂತೆ ನೋಡಿಕೊಂಡ ನನ್ನ ದಿವಾನನಿಗೆ ನಾನು ಚಿರಋಣಿ" ಎಂದು ಕೈಮುಗಿದು ಕುಳಿತರು. ಜನ ಚಪ್ಪಾಳೆ ತಟ್ಟಿದರು. ಮೊದಲ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟು ಕೂತಿದ್ದ ಅತ್ತೆಯೂ ತಟ್ಟಿದರು. ಮಾರನೇ ಬೆಳಗ್ಗೆ ಕಾಫಿ ಮಾಡಿ ಮಾವನಿಗೆ ಕೊಟ್ಟು, ಲೋಟ ತೊಳೆದಿಟ್ಟು, ಒಂದು ಟ್ರಂಕಿನೊಂದಿಗೆ ಹೊರಟರು. ನಾನು ಮೆಟ್ಟಿಲಿಳಿಯುತ್ತಿದ್ದೆ. ಎಲ್ಲಿಗೆ ಅತ್ತೆ ಎಂದು ಕೇಳಿದೆ. ಸೌದೆ ಡಿಪೋ ಹಿಂದೆ ಚಿಕ್ಕೇರಯ್ಯನವರ ಎರಡು ಕೋಣೆಯ ಮನೆ ಖಾಲಿಯಿದೆಯಂತೆ, ತವರಿನವರು ಕೊಟ್ಟ ಹೊಲದ ಗುತ್ತಿಗೆ ದುಡ್ಡಿದೆ, ಅದು ಸಾಕು ಎಂದರು. ಜಗಳವೇನಾದರೂ ಆಯಿತೇ ಎಂದೆ. "ಜಗಳಕ್ಕೆ ಇಬ್ಬರು ಬೇಕಲ್ಲಪ್ಪ," ಎಂದರು, "ಆ ಮನೇಲಿ ಇರೋದು ಅವರು, ದಿವಾನ, ಇಬ್ಬರೇ. ನಾನೆಲ್ಲಿದ್ದೆ?"

ಮಾವ ನಕ್ಕುಬಿಟ್ಟರು. ಗಂಡನನ್ನು ಬಿಟ್ಟು ಬಂದವಳ ಮನೆಗೆ ಮೀನು ಒಪ್ಪುವುದುಂಟೇ, ಒಂದು ವಾರ ಹಸಿ ಅವಲಕ್ಕಿ ತಿಂದು ಹಿಂದಿರುಗುತ್ತಾಳೆ ಎಂದು ಹೋಟೆಲಿನಲ್ಲಿ ಕೂತು ಎಲ್ಲರಿಗೂ ಹೇಳಿದರು. ಅದು ಅತ್ತೆಯ ಕಿವಿಗೂ ಬಿತ್ತು. ತನ್ನ ಒಲೆ ಹೊತ್ತುವವರೆಗೆ ಯಾರ ಮನೆಯ ಕಾಫಿಯನ್ನೂ ಮುಟ್ಟುವುದಿಲ್ಲವೆಂದು ಅತ್ತೆ ಹಟ ಹಿಡಿದರು. ದಿನಕ್ಕೆ ನಾಲ್ಕು ಸಲ ಕಾಫಿ ಕುಡಿಯುವ ಹೆಂಗಸು. ಇದಕ್ಕಿಂತ ದೊಡ್ಡ ವ್ರತವನ್ನು ಯಾವ ಪುರಾಣದಲ್ಲೂ ಯಾರೂ ಹಿಡಿದದ್ದು ನಾನು ಕೇಳಿಲ್ಲ.

ಗಾಳಿ ಪಂಪು, ಸ್ಪಂಜಿನ ಸಮೇತ ಹೊಸ ತೊಟ್ಟಿ ಬಂತು. ಹುಣಸೆಹಣ್ಣು ಹಾಕಿ ಉಜ್ಜಿ, ಅರಿಶಿನ ಕುಂಕುಮ ಇಟ್ಟು, ಹಿಂದಿನ ದಿನ ಹಿಡಿದಿಟ್ಟ ನಲ್ಲಿ ನೀರು ತುಂಬಿಸಿ, ಚೆಂದದ ಒಂದು ಕೆಂಪು ಮೀನು ಬಿಟ್ಟರು. ನೀರು ಕನ್ನಡಿಯಂತಿತ್ತು. ಮೀನು ಕೆಲವು ದಿನ ಮೇಲಕ್ಕೆ ಬಂದು ಬಾಯಿ ತೆರೆದು ಗುಟುಕರಿಸಿ, ಆಮೇಲೆ ಮಗ್ಗುಲಾಗಿ ತೇಲಿತು. ಅತ್ತೆ ಅದನ್ನು ನಂದಿಬಟ್ಟಲ ಗಿಡದ ಬುಡದಲ್ಲಿ ಹೂತು, ತೊಟ್ಟಿಯನ್ನು ಇನ್ನೂ ಚೆನ್ನಾಗಿ ತಿಕ್ಕಿ ಇನ್ನೊಂದು ಮೀನು ತಂದರು. ಅದೂ ಹೋಯಿತು. ಮೂರನೆಯದು ಹೋದ ಮೇಲೆ ಬೀದಿಯ ಹೆಂಗಸರು ಆ ಮನೆಯ ಮುಂದೆ ಸೆರಗು ಸರಿಮಾಡಿಕೊಂಡು ಬೇಗಬೇಗ ನಡೆಯತೊಡಗಿದರು. ಚಿಕ್ಕೇರಯ್ಯ ಬಂದು, ಮೀನು ಬಾಳದ ಮನೆ ಅಂತ ಹೆಸರು ಬಂದರೆ ನಾಳೆ ಈ ಮನೆಗೆ ನಾಯಿಯೂ ಬಾಡಿಗೆಗೆ ಬರುವುದಿಲ್ಲ, ಅಮಾವಾಸ್ಯೆಯೊಳಗೆ ಒಲೆ ಹೊತ್ತದಿದ್ದರೆ ಖಾಲಿ ಮಾಡಿಬಿಡಿ ತಾಯಿ ಎಂದು ಕೈಮುಗಿದು ಹೇಳಿಹೋದರು. ಖಾಲಿ ಮಾಡಿದರೆ ಹೋಗುವುದೆಲ್ಲಿಗೆ? ದಿವಾನನ ಮನೆಗೇ.

ಅತ್ತೆ ಅಂದು ಸಂಜೆ ಒಂದು ಔಷಧಿ ಬಾಟಲಿಯಲ್ಲಿ ತೊಟ್ಟಿಯ ನೀರು ತುಂಬಿಕೊಂಡು ನನ್ನ ಸ್ಟುಡಿಯೋ ಪಕ್ಕದ ರಕ್ತಪರೀಕ್ಷೆ ಲ್ಯಾಬಿಗೆ ಬಂದರು. ಅಲ್ಲಿ ಕೆಲಸ ಮಾಡುವ ಸಬೀಹಾ ಚುರುಕು ಹುಡುಗಿ, ಊರಿನ ಅರ್ಧ ಜನರ ಸಕ್ಕರೆ ಎಷ್ಟಿದೆ ಎಂದು ಬಾಯಿಪಾಠ ಹೇಳುತ್ತಾಳೆ. ಯಾರ ರಕ್ತ ಆಂಟಿ ಎಂದು ಕೇಳಿದಳು. ಮೀನಿನ ಮನೆಯ ನೀರು, ಇದರಲ್ಲಿ ನನ್ನ ಮೇಲೆ ಅದಕ್ಕೇನು ಕೋಪ ಅಂತ ನೋಡಮ್ಮ ಎಂದರು ಅತ್ತೆ. ಸಬೀಹಾ ನಗಲಿಲ್ಲ. ಯಾವುದೋ ಹನಿ ಬೆರೆಸಿದಳು, ನೀರು ಪಾಚಿಯಂತೆ ಹಸಿರಾಯಿತು. ಕೋಪವಲ್ಲ, ವಿಷ ಎಂದಳು. ಮೀನು ಅಲ್ಲೇ ತಿಂದು ಅಲ್ಲೇ ಉಚ್ಚೆ ಮಾಡುತ್ತದೆ, ಅದೇ ಅದಕ್ಕೆ ವಿಷವಾಗುತ್ತದೆ. ಹಳೇ ತೊಟ್ಟಿಯಲ್ಲಿ ಆ ವಿಷವನ್ನು ತಿಂದು ಬದುಕುವ ಕ್ರಿಮಿಗಳಿರುತ್ತವೆ. ಒಂದು ಜಾತಿ ಅದನ್ನು ತಿಂದು ಇನ್ನೊಂದು ವಿಷ ಮಾಡುತ್ತದೆ, ಎರಡನೇ ಜಾತಿ ಅದನ್ನೂ ತಿಂದು ಗಿಡಕ್ಕೆ ಗೊಬ್ಬರ ಮಾಡುತ್ತದೆ. ಹೊಸ ತೊಟ್ಟಿಯಲ್ಲಿ ಅವು ಇಲ್ಲ, ಇದ್ದ ನಾಲ್ಕನ್ನೂ ನೀವು ತಿಕ್ಕಿ ತಿಕ್ಕಿ ಕೊಂದಿದ್ದೀರಿ ಎಂದಳು. ಅತ್ತೆಗೆ ಪೂರ್ತಿ ತಲೆಗೆ ಹೋಗಲಿಲ್ಲ. ಕ್ರಿಮಿ ಒಳ್ಳೆಯದು ಎಂಬ ಮಾತನ್ನು ಅವರು ಅದುವರೆಗೆ ಯಾರ ಬಾಯಲ್ಲೂ ಕೇಳಿರಲಿಲ್ಲ.

"ಹೆಪ್ಪು ಹಾಕದೆ ಹಾಲು ಮೊಸರಾಗಲಿ ಅಂದ್ರೆ ಆಗುತ್ತಾ ಆಂಟಿ?" ಎಂದಳು ಸಬೀಹಾ. "ನಿಮ್ಮ ತೊಟ್ಟಿಗೆ ಹೆಪ್ಪು ಬಿದ್ದಿಲ್ಲ. ಯಾವುದಾದ್ರೂ ಹಳೇ ತೊಟ್ಟಿಯಿಂದ ಒಂದು ಹಿಡಿ ಕೊಳೆ ತಂದುಬಿಡಿ, ಮುಗೀತು."

ಮುಗಿಯುವಂತಿರಲಿಲ್ಲ. ತೊಟ್ಟಿಯಿಂದ ಏನನ್ನಾದರೂ ಹೊರಗೆ ಕೊಟ್ಟರೆ ಅದರ ಜೊತೆ ಮನೆಯ ಬೆಂಕಿಯೂ ಹೊರಟುಹೋಗುತ್ತದೆಂದು ನಮ್ಮೂರಲ್ಲಿ ನಂಬಿಕೆ. ಮಗಳನ್ನು ಕೊಡುತ್ತಾರೆ, ಕೊಳೆ ಕೊಡುವುದಿಲ್ಲ. ಅತ್ತೆ ನಾಲ್ಕು ಮನೆ ಕೇಳಿದರು. ನಾಲ್ಕೂ ಕಡೆ ಕುಂಕುಮ ಕೊಟ್ಟು ಕಳಿಸಿದರು. ಕೊನೆಗೆ ನನ್ನನ್ನು ಕರೆದು, ಅಷ್ಟು ವರ್ಷ ನಾನೇ ಹಿಂಡಿದ ಸ್ಪಂಜು, ಅದರಲ್ಲಿ ಅರ್ಧ ಕೇಳಿ ನೋಡು ಎಂದು ಕಳಿಸಿದರು. ನಾನು ಹೋಗಿ ಮಾವನಿಗೆ ವಿಷಯ ತಿಳಿಸಿದೆ. ಬೆಂಕಿ, ಹೆಪ್ಪು, ಕ್ರಿಮಿ, ಇದಾವುದೂ ಅವರ ಕಿವಿಗೆ ಬೀಳಲಿಲ್ಲ. ಬಿದ್ದದ್ದು ಒಂದೇ ಶಬ್ದ. ನನ್ನ ಮನೆಯಲ್ಲಿ ಕೊಳೆಯೇ ಎಂದು ಎದ್ದು ನಿಂತರು. ಕನ್ನಡಕ ಹಾಕಿಕೊಂಡು ಮೊದಲ ಸಲ ತೊಟ್ಟಿಯೊಳಗೆ ಬಗ್ಗಿ ನೋಡಿದರು, ಕಂದು ಪಾಚಿ ಕಂಡಿತು. "ಪಂಕ ಅಂದ್ರೆ ಕೆಸರು," ಎಂದರು. "ಹೆಸರಿಗೆ ತಕ್ಕ ಹಾಗೆ ಇಟ್ಟಿದ್ದಾಳೆ." ಪಂಚೆ ಎತ್ತಿಕಟ್ಟಿದರು. ದಿವಾನನನ್ನು ಬಕೆಟ್ಟಿಗೆ ಹಾಕಿ, ಕಲ್ಲುಗಳನ್ನು ವಾಷಿಂಗ್ ಸೋಡಾದಲ್ಲಿ ಕುದಿಸಿ, ಗಾಜಿಗೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ, ಸ್ಪಂಜನ್ನು ಚರಂಡಿಗೆಸೆದು ಹೊಸದು ಸಿಕ್ಕಿಸಿದರು. ಸಂಜೆ ಹೊತ್ತಿಗೆ ತೊಟ್ಟಿ ಒಡವೆ ಅಂಗಡಿಯ ಶೋಕೇಸಿನಂತೆ ಹೊಳೆಯುತ್ತಿತ್ತು. ಅದರ ಫೋಟೋ ತೆಗೆಯಲು ನನಗೆ ಹೇಳಿದರು, ತೆಗೆದೆ. ದಿವಾನನ ಕೊನೆಯ ಫೋಟೋ ಅದು. ಕೆಲವು ದಿನಗಳಲ್ಲೇ ಅದರ ಗತ್ತು ಇಳಿಯಿತು, ರೆಕ್ಕೆ ಮುದುರಿತು, ಮೇಲೆ ಬಂದು ಗುಟುಕರಿಸಿತು. ಒಂದು ಬೆಳಗ್ಗೆ ನನ್ನ ಸ್ಟವ್ ಹೊತ್ತಲಿಲ್ಲ. ಕೆಳಗೆ ಹೋಗಿ ನೋಡಿದರೆ ಮಾವ ತೊಟ್ಟಿಯ ಮುಂದೆ ಮೊಣಕಾಲೂರಿ ಕೂತು, ಪರೀಕ್ಷೆಯಲ್ಲಿ ಫೇಲಾದ ಹುಡುಗನನ್ನು ಎಬ್ಬಿಸುವವರ ಹಾಗೆ, ಗಾಜನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದರು.

ಅತ್ತ ಸಬೀಹಾ ಸುಮ್ಮನಿರಲಿಲ್ಲ. ಪೇಟೆಯಲ್ಲಿ ಬಣ್ಣದ ಮೀನಿನ ಅಂಗಡಿಯಿಟ್ಟ ಅವಳ ಚಿಕ್ಕಪ್ಪನ ಮಗನಿಂದ ಒಂದು ಬಾಟಲಿ ತರಿಸಿದಳು. ಆ ಕ್ರಿಮಿಗಳನ್ನೇ ಸಾಕಿ ತುಂಬಿದ ಬಾಟಲಿ. ಬಿಸಿಲಿಗೆ ಸತ್ತಾವೆಂದು ಒದ್ದೆ ಬಟ್ಟೆ ಸುತ್ತಿ ಕಳಿಸಿದ್ದ. ನೋಡಿದರೆ ಹಾಗಲಕಾಯಿ ಬೇಯಿಸಿದ ನೀರಿನಂತಿತ್ತು. ನಲ್ಲಿ ನೀರಿನ ಔಷಧಿ ಹೋಗಲೆಂದು ಬಕೆಟ್ಟಿನಲ್ಲಿ ಒಂದು ದಿನ ಇಟ್ಟ ನೀರನ್ನೇ ತೊಟ್ಟಿಗೆ ತುಂಬಿ, ಬಾಟಲಿಯನ್ನು ಸುರಿದು, ಮೀನು ಬಿಡಬೇಡಿ ಎಂದಳು. ಮೀನಿಲ್ಲದಿದ್ದರೆ ಇವುಗಳ ಹೊಟ್ಟೆಗೇನು ಎಂದು ಅತ್ತೆ ಕೇಳಿದರು. ಮಡಿ ಹೆಂಗಸಿಗೆ ಹೇಗೆ ಹೇಳುವುದೆಂದು ಸಬೀಹಾ ಸ್ವಲ್ಪ ಹೊತ್ತು ನೆಲ ನೋಡಿದಳು. ಕೊಳೆಯುವಂಥದ್ದು ಏನಾದರೂ ಬೇಕು ಆಂಟಿ, ಒಣ ಸೀಗಡಿಯಾದರೆ ಚೆನ್ನಾಗಿ ಕೊಳೆಯುತ್ತೆ ಎಂದಳು. ಈರುಳ್ಳಿಯನ್ನೂ ಶನಿವಾರ ಮುಟ್ಟದ ಅತ್ತೆ ಒಂದು ನಿಮಿಷ ಯೋಚಿಸಿ, ತಾನು ತಿನ್ನುವುದಲ್ಲವಲ್ಲ, ಮನೆಗೆ ಬಂದವರ ಊಟ ಅವರವರ ಇಷ್ಟ ಎಂದು ತೀರ್ಮಾನಿಸಿದರು. ಸೀಗಡಿಯನ್ನು ತೆಳುಬಟ್ಟೆಯಲ್ಲಿ ಗಂಟು ಕಟ್ಟಿ, ಮುಖ ಆಚೆ ತಿರುಗಿಸಿ, ತಾವೇ ಇಳಿಬಿಟ್ಟರು.

ವಾಸನೆ ಸೌದೆ ಡಿಪೋ ದಾಟಿ ಮುಖ್ಯರಸ್ತೆಗೆ ಬಂತು. ಮೀನಿಲ್ಲದ ತೊಟ್ಟಿಗೆ ದಿನವೂ ಗಾಳಿ ಹಾಕುತ್ತ ಸೀಗಡಿ ಕೊಳೆಯಿಸುತ್ತಿರುವ ಬ್ರಾಹ್ಮಣ ಹೆಂಗಸನ್ನು ನೋಡಲು ಜನ ಬಂದರು. ಮಾಟವೆಂದರು, ತಲೆ ಕೆಟ್ಟಿತೆಂದರು. ಎದುರುಮನೆಯ ಸುಭದ್ರಮ್ಮ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಚಿಕ್ಕೇರಯ್ಯ ಮೂಗು ಮುಚ್ಚಿಕೊಂಡೇ ಅಮಾವಾಸ್ಯೆಯನ್ನು ನೆನಪಿಸಿದರು. ಅತ್ತೆ ದಿನವೂ ಬಾಟಲಿಯಲ್ಲಿ ನೀರು ತಂದು ಲ್ಯಾಬಿನ ಬೆಂಚಿನ ಮೇಲೆ, ಕೆಮ್ಮುವವರ ನಡುವೆ ಸರದಿ ಕಾಯುತ್ತಿದ್ದರು. ಹನಿ ಬಿದ್ದರೆ ಹಸಿರು. ಮತ್ತೆ ಹಸಿರು. ಆಮೇಲೆ ಹಸಿರು ತೆಳುವಾಯಿತು, ಆದರೆ ಎರಡನೇ ವಿಷದ ಹನಿ ನೇರಳೆಯಾಯಿತು. ಸಬೀಹಾ ಸಂತೋಷದಿಂದ ಎದ್ದಳು, ಮೊದಲ ಜಾತಿ ಬಂದು ಕೂತಿದೆ ಎಂದಳು. ಅತ್ತೆ ಮಾತ್ರ ಬೆಂಚಿನ ಮೇಲೆ ಕೂತೇ ಅತ್ತುಬಿಟ್ಟರು. ಅವಲಕ್ಕಿ ತಿಂದು ನಾಲಿಗೆ ದಡ್ಡುಗಟ್ಟಿದೆ ಕಣೆ, ಕಾಫಿಯಿಲ್ಲದೆ ತಲೆ ಸಿಡಿಯುತ್ತೆ, ಮನೆಗೆ ಹೋಗಿಬಿಡಲಾ ಅನ್ನಿಸುತ್ತೆ ಎಂದರು. ಸಬೀಹಾ ಸಮಾಧಾನದ ಮಾತು ಹೇಳುವ ಜಾಯಮಾನದವಳಲ್ಲ. ಪಕ್ಕದಲ್ಲಿ ಕೂತು, ಎರಡನೇ ಜಾತಿ ಸೋಮಾರಿ, ಆದರೆ ಬಂದೇ ಬರುತ್ತೆ ಎಂದಷ್ಟೇ ಹೇಳಿ ಅತ್ತೆಯ ಕೈ ಹಿಡಿದುಕೊಂಡಳು.

ಬಂತು. ಅಮಾವಾಸ್ಯೆಗೆ ಇನ್ನೂ ಸಮಯವಿರುವಾಗಲೇ ಒಂದು ಹನಿ ಹಳದಿ, ಇನ್ನೊಂದು ಹನಿ ನೀಲಿ ತಿರುಗಿತು, ಅಂದರೆ ಎರಡು ವಿಷವೂ ಹೋಗಿತ್ತು. ಸೀಗಡಿಯ ಗಂಟು ತೆಗೆದು, ಅರ್ಧ ನೀರು ಬದಲಾಯಿಸಿ, ನಾಲ್ಕನೆಯ ಮೀನನ್ನು ಬಿಟ್ಟರು. ನಾನೂ ಸಬೀಹಾಳೂ ಇದ್ದೆವು. ಮೀನು ಮೂಲೆಯಲ್ಲಿ ನಿಂತಿತು, ಕಲ್ಲನ್ನು ಮೂಸಿತು, ಆಮೇಲೆ ಮನೆ ನೋಡಲು ಬಂದ ನೆಂಟರ ಹಾಗೆ ಒಂದು ಸುತ್ತು ಹಾಕಿತು. ಅತ್ತೆ ದಿನವೂ ಬೆಳಗ್ಗೆ ಕಡ್ಡಿ ಗೀರಿ ನೋಡುವರು, ಬರೀ ಗಂಧಕ. ಒಂದು ಶುಕ್ರವಾರ ಗೀರಿದ ಕಡ್ಡಿ ಹೊತ್ತಿ, ಬೆರಳು ಸುಟ್ಟಿತು. ಸುಟ್ಟ ಬೆರಳು ಬಾಯಲ್ಲಿಟ್ಟುಕೊಂಡೇ ಹಾಲು ಕಾಯಿಸಿ, ಡಿಕಾಕ್ಷನ್ ಇಳಿಸಿ, ಕಾಫಿ ಕುಡಿದರಂತೆ. ನನಗೆ ಸುದ್ದಿ ಬಂದು ಹೋಗುವಷ್ಟರಲ್ಲಿ ಮೂರನೇ ಲೋಟ ನಡೆಯುತ್ತಿತ್ತು.

ಮಾವನ ಪಾಡು ಕೇಳುವುದು ಬೇಡ. ಹೊಳೆಯುವ ತೊಟ್ಟಿಯಲ್ಲಿ ಮೀನು ಬಿಡುವುದು, ಅದು ಸಾಯುವುದು, ಇನ್ನೂ ಜೋರಾಗಿ ತಿಕ್ಕುವುದು. ಹೋಟೆಲಿನ ಊಟದಿಂದ ಹೊಟ್ಟೆ ಕೆಟ್ಟಿತು. ದೋಷ ಪರಿಹಾರಕ್ಕೆ ಹೋಮ ಮಾಡಿಸೋಣವೆಂದು ಪುರೋಹಿತರನ್ನು ಕರೆಸಿದರು. ಆ ಮನೆಯಲ್ಲಿ ಬೆಂಕಿಯೇ ಹೊತ್ತುವುದಿಲ್ಲ ಎಂಬುದು ಸಮಿತ್ತು ಜೋಡಿಸಿ, ತುಪ್ಪ ಸುರಿದ ಮೇಲೆ ಇಬ್ಬರಿಗೂ ನೆನಪಾಯಿತು. ಪುರೋಹಿತರು ದಕ್ಷಿಣೆಯನ್ನು ಮಾತ್ರ ಸಂಪ್ರದಾಯದಂತೆ ತೆಗೆದುಕೊಂಡು ಹೋದರು. ಅವತ್ತು ಮಾವ ತುಂಬ ಹೊತ್ತು ಹೋಮಕುಂಡದ ಮುಂದೆ ಕೂತಿದ್ದರು. ನಾನು ಮಹಡಿಗೆ ಹೋಗುವಾಗ, ಅವಳು ನೀರನ್ನು ಹಿಂದಿನ ದಿನವೇ ಹಿಡಿದಿಡುತ್ತಿದ್ದಳಾ ಎಂದು ಕೇಳಿದರು. ಹೌದೆಂದೆ. ಇನ್ನೇನೇನು ಮಾಡುತ್ತಿದ್ದಳು ಎಂದರು. ನನಗೂ ಪೂರ್ತಿ ಗೊತ್ತಿರಲಿಲ್ಲ.

ಎರಡು ದಿನ ಬಿಟ್ಟು ಒಂದು ಸ್ಟೀಲ್ ಡಬ್ಬಿ ಹಿಡಿದುಕೊಂಡು ಹೊರಟರು. ನನ್ನನ್ನು ಜೊತೆಗೆ ಕರೆದರು, ಆದರೆ ಸಂಬಂಧವಿಲ್ಲದವನಂತೆ ಹಿಂದೆ ಬಾ ಎಂದರು. ಸೌದೆ ಡಿಪೋ ಹಿಂದಿನ ಬಾಗಿಲಲ್ಲಿ ಅತ್ತೆ ಅಕ್ಕಿ ಆರಿಸುತ್ತಿದ್ದರು. ಮಾವ ಚಪ್ಪಲಿ ಬಿಟ್ಟು, ಮತ್ತೆ ಹಾಕಿಕೊಂಡು, ಮತ್ತೆ ಬಿಟ್ಟರು.

"ಸ್ವಲ್ಪ ಅದು ಬೇಕಾಗಿತ್ತು," ಎಂದರು.

"ಯಾವುದು?"

"ಅದೇ."

"ಬಾಯಿಬಿಟ್ಟು ಹೇಳಿ. ಊರ ಮಕ್ಕಳಿಗೆಲ್ಲ ಉಚ್ಚಾರ ಕಲಿಸಿದವರು."

"ಕೊಳೆ," ಎಂದರು ಮಾವ.

ಅತ್ತೆ ಮೊರ ಪಕ್ಕಕ್ಕಿಟ್ಟು ಒಳಗೆ ಹೋಗಿ ಕಾಫಿ ತಂದುಕೊಟ್ಟರು. ಮಾವ ಒಂದು ಗುಟುಕು ಕುಡಿದು ಬಾಯಿ ತೆರೆದರು, ಏನೋ ಹೇಳಹೊರಟವರು ಮುಚ್ಚಿದರು. ಅತ್ತೆ ಎದುರಿಗೆ ಕೂತರು. ಅವತ್ತು ಸಭೆಯಲ್ಲಿ ಆ ಮೀನಿಗೆ ಕೈಮುಗಿದಿರಲ್ಲ ಎಂದು ಶುರುಮಾಡಿದರು. "ಅದರ ನೀರು ಯಾರು ನೋಡ್ಕೊತಿದ್ರು ಅಂತ ಒಂದಿನಾನಾದ್ರೂ ನಿಮಗೆ ಅನ್ನಿಸಿತ್ತಾ?"

ಮಾವ ಲೋಟವನ್ನೇ ನೋಡುತ್ತ ಪ್ರಾಮಾಣಿಕವಾಗಿ ಯೋಚಿಸಿದರು. "ಇಲ್ಲ," ಎಂದರು. "ಅನ್ನಿಸಲೇ ಇಲ್ಲ."

ಅವರು ಸುಳ್ಳು ಹೇಳಿದ್ದರೆ ಅತ್ತೆ ಬಹುಶಃ ಡಬ್ಬಿಯನ್ನು ಖಾಲಿಯೇ ಕಳಿಸುತ್ತಿದ್ದರು. ಸುಭದ್ರಮ್ಮ ತಮ್ಮ ಬಾಗಿಲಿಂದಲೇ, ಕೊಡಬೇಡಿ ಪಂಕಜಮ್ಮ, ಈಗ ತಾನೇ ಹೊತ್ತಿದ ಒಲೆ, ಬೆಂಕಿ ಹೋಗಿಬಿಡುತ್ತೆ ಎಂದು ಕೂಗಿ ಹೇಳಿದರು. ಸಬೀಹಾ ಹಾಗೇನೂ ಆಗುವುದಿಲ್ಲವೆಂದು ಹಿಂದೆಯೇ ಹೇಳಿದ್ದಳು. ಆದರೆ ಸಬೀಹಾ ಹೇಳುವುದು ನೀರಿನ ವಿಷಯ, ಬೆಂಕಿಯ ವಿಷಯ ಈ ಊರಲ್ಲಿ ಯಾರಿಗೆ ಗೊತ್ತು? ಅತ್ತೆ ತೊಟ್ಟಿಯ ಮುಂದೆ ಬಂದು ನಿಂತರು. ಕೈಬಳೆ ಮೇಲೇರಿಸಿ ಸ್ಪಂಜು ತೆಗೆದು, ಕತ್ತರಿಯಿಂದ ಸರಿಯಾಗಿ ಅರ್ಧ ಮಾಡಿ, ತೊಟ್ಟಿಯ ನೀರಿನ ಸಮೇತ ಡಬ್ಬಿಗೆ ಹಾಕಿದರು. ಒಣಗಲು ಬಿಡಬೇಡಿ, ತೊಳೆಯಬೇಡಿ, ಚಿಕ್ಕ ಮೀನು ಒಂದೇ ಬಿಡಿ, ಅನ್ನ ಹಾಕಿದ ಹಾಗೆ ಮುಷ್ಟಿಗಟ್ಟಲೆ ಕಾಳು ಸುರಿಯಬೇಡಿ ಎಂದರು. ಮಾವ ಎಲ್ಲಕ್ಕೂ ಹೂಂ ಎಂದರು. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದವರು ತಿರುಗಿ, ನೀನು ಯಾವಾಗ ಬರುತ್ತೀಯ ಎಂದು ಕೇಳಿದರು.

"ನಾನು ಬರಲ್ಲ," ಎಂದರು ಅತ್ತೆ. "ಅದು ಬರುತ್ತೆ, ಕರ್ಕೊಂಡು ಹೋಗಿ."

ಅವರು ತಿರುವು ದಾಟುವವರೆಗೆ ಅತ್ತೆ ಬಾಗಿಲಲ್ಲೇ ಇದ್ದರು. ಆಮೇಲೆ ಒಳಗೆ ಬಂದು ಬೆಂಕಿಪೊಟ್ಟಣ ತೆಗೆದರು. ಮೊದಲ ಕಡ್ಡಿ ಗೀರಿದಾಗ ಬರೀ ಗಂಧಕ. ಎದುರುಮನೆಯಿಂದ ಸುಭದ್ರಮ್ಮ ಬಂದು ಹೊಸಿಲಲ್ಲಿ ನಿಂತಿದ್ದರು. ನಾನು ಮಾವನ ಜೊತೆ ಹೋಗದೆ ಅಲ್ಲೇ ಉಳಿದಿದ್ದೆ. ಅತ್ತೆ ಕೈ ಸೆರಗಿಗೆ ಒರೆಸಿಕೊಂಡರು, ಕಡ್ಡಿ ಒದ್ದೆ ಕೈಯಲ್ಲಿ ನೆನೆದಿತ್ತೇನೋ. ಎರಡನೆಯದು ಹೊತ್ತಿತು. ಒಲೆಯ ನೀಲಿ ಉರಿ ಸುತ್ತಲೂ ಎದ್ದು ನಿಂತಿತು. ಸುಭದ್ರಮ್ಮ ಮನೆಗೆ ಹೋದರು. ಹೊಸದಾಗಿ ಮದುವೆಯಾಗಿ ಬೇರೆ ಮನೆ ಮಾಡಿ ಇನ್ನೂ ಹಸಿ ತಿನ್ನುತ್ತಿದ್ದ ತಮ್ಮ ಮಗ ಸೊಸೆಗೆಂದು ಮಾರನೇ ದಿನ ತಮ್ಮ ತೊಟ್ಟಿಯ ಕೊಳೆಯನ್ನು ಸೆರಗಿನ ಮರೆಯಲ್ಲಿ ಒಯ್ದರಂತೆ. ಆಮೇಲೆ ನಮ್ಮೂರಲ್ಲಿ ಮದುವೆಗೆ ಡಬ್ಬಿ ಉಡುಗೊರೆ ಕೊಡುವುದು ಶುರುವಾಯಿತು. ಮುಚ್ಚಳ ತೆಗೆದರೆ ಮೂಗು ಮುಚ್ಚಬೇಕು, ಆದರೂ ಎಲ್ಲರೂ ಸಂತೋಷವಾಗಿ ಇಸಿದುಕೊಳ್ಳುತ್ತಾರೆ.

ಮಾವ ತೊಳೆಯದೆ ಇರುವುದನ್ನು ಕಲಿಯಲು ಬಹಳ ಕಷ್ಟಪಟ್ಟರು. ಕೈ ತುರಿಸಿದಾಗಲೆಲ್ಲ ಕಿಟಕಿಯ ಸರಳು ಒರೆಸುತ್ತಿದ್ದರು. ಕಡೆಗೂ ಒಂದು ಚಿಕ್ಕ ಮೀನು ಒಗ್ಗಿತು, ಬೆಂಕಿ ಹೊತ್ತಿತು, ನನ್ನ ಸ್ಟವ್ವೂ ಬದುಕಿತು. ಅತ್ತೆ ಹಿಂದಿರುಗಲಿಲ್ಲ. ಊರು ಕಾಯಿತು, ಮಗಳು ಫೋನಿನಲ್ಲಿ ಕೇಳಿದಳು, ಇಲ್ಲ. ಒಂದು ಬೆಳಗ್ಗೆ ಮಾವ ತಮ್ಮ ಜೀವನದ ಮೊದಲ ಕಾಫಿ ಮಾಡಿ, ಫ್ಲಾಸ್ಕಿನಲ್ಲಿ ತುಂಬಿ, ಸೌದೆ ಡಿಪೋ ಹಿಂದಕ್ಕೆ ತೆಗೆದುಕೊಂಡು ಹೋದರು. ನಾನು ಅಲ್ಲೇ ಇದ್ದೆ. ಅತ್ತೆ ಕುಡಿದರು, ಲೋಟ ಕೆಳಗಿಟ್ಟರು, ಡಿಕಾಕ್ಷನ್ ನೀರಾಗಿದೆ ಎಂದರು. ಮಾವ ತಲೆ ಕೆರೆದುಕೊಂಡರು.

"ಪುಡಿ ಎಷ್ಟು ಹಾಕಬೇಕು?" ಎಂದು ಕೇಳಿದರು.

ನನಗೆ ತಿಳಿದಂತೆ, ಅತ್ತೆಯಿಂದ ಕಲಿಯಲೆಂದು ಮಾವ ಕೇಳಿದ ಮೊದಲ ಪ್ರಶ್ನೆ ಅದು. ಅತ್ತೆ ಆತುರಪಡದೆ, ಪುಡಿ, ಬಿಸಿನೀರು, ಒತ್ತುವ ಬಗೆ, ಇಳಿಯಲು ಬಿಡುವ ಹೊತ್ತು, ಎಲ್ಲ ಬಿಡಿಸಿ ಹೇಳಿದರು. ಮಾವ ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ. ಮಾರನೇ ದಿನದ ಕಾಫಿಯೂ ಚೆನ್ನಾಗಿರಲಿಲ್ಲ. ಅದರ ಮಾರನೇ ದಿನ ಪರವಾಗಿಲ್ಲ ಎಂದು ಅತ್ತೆ ಲೋಟ ಪೂರ್ತಿ ಖಾಲಿ ಮಾಡಿ, ಇನ್ನೊಂದಿಷ್ಟು ಬಗ್ಗಿಸಿ ಎಂದು ಮುಂದೆ ಚಾಚಿದರು.